ದಾರ, ಗುಂಡುಸೂಜಿ ಮತ್ತು ಡೆಲ್ಫ್ಟ್‌ನ ಒಂದು ಕೋಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ವಿಷಯ: ಯುರೋಪಿನ ಹಳೆಯ ಚಿತ್ರಗಳಲ್ಲಿ ಮನೆಯೊಳಗೆ ಕಾಣುವ ಜನ. ಹಾಲು ಸುರಿಯುವವಳು, ಕಾಗದ ಓದುವವಳು, ಮಗುವಿನ ತಲೆಯಲ್ಲಿ ಹೇನು ನೋಡುವ ತಾಯಿ. ಹೆಚ್ಚಿನ ಪ್ರಶ್ನೆಗಳು 17ನೇ ಶತಮಾನದ ಹಾಲೆಂಡಿನ ಬಗ್ಗೆ ಬಂದಿವೆ. ಅದು ಸಹಜವೇ, ಮನೆಯ ಒಳಗನ್ನೇ ಚಿತ್ರದ ವಿಷಯ ಮಾಡಿಕೊಂಡು ಅಲ್ಲಿಯ ಚಿತ್ರಕಾರರಷ್ಟು ಬರೆದವರು ಬೇರೆ ಯಾರೂ ಇರಲಿಲ್ಲ.

ಪ್ರಶ್ನೆ: ಡಚ್ ಚಿತ್ರಗಳಲ್ಲಿರುವಂತೆ ಕಪ್ಪು-ಬಿಳಿ ಚೌಕದ ನೆಲ, ಅದರ ಮೇಲೆ ನಿಂತ ಹೆಂಗಸು ಬರೆಯಲು ನಾಲ್ಕು ಸಲ ಪ್ರಯತ್ನಿಸಿದೆ. ನೆಲ ನನ್ನ ಕಡೆಗೇ ಜಾರುತ್ತದೆ, ಹೆಂಗಸು ಗಾಳಿಯಲ್ಲಿ ತೇಲುತ್ತಾಳೆ. ಅವರು ಹೇಗೆ ಮಾಡುತ್ತಿದ್ದರು? (ಚಿತ್ರಕಲಾ ವಿದ್ಯಾರ್ಥಿ, ಧಾರವಾಡ)

ಉತ್ತರ: ಗುಂಡುಸೂಜಿ ಮತ್ತು ದಾರದಿಂದ. ಇದು ಊಹೆಯ ಮಾತಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಚಿತ್ರಕಾರ ಯೋಹಾನೆಸ್ ವರ್ಮೀರ್‌ನ (1632–1675) ಹತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಸೂಜಿ ಚುಚ್ಚಿದ ಸಣ್ಣ ತೂತು ಸಿಕ್ಕಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ‘ಹಾಲಿನವಳು’ ಚಿತ್ರದಲ್ಲಿ ಅದು ಅವಳ ಬಲಗೈಯ ಸ್ವಲ್ಪ ಮೇಲಿದೆ. ಆ ಸೂಜಿಗೆ ಚಾಕಿನ ಪುಡಿ ಬಳಿದ ದಾರ ಕಟ್ಟಿ, ಬಿಗಿಯಾಗಿ ಎಳೆದು, ಮೀಟಿದರೆ ಕ್ಯಾನ್ವಾಸಿನ ಮೇಲೆ ನೇರ ಗೆರೆ ಬೀಳುತ್ತದೆ. ನಮ್ಮ ಬಡಗಿಗಳು ತೊಲೆಯ ಮೇಲೆ ಬಣ್ಣದ ದಾರ ಹೊಡೆಯುವುದೂ ಇದೇ ಕ್ರಮ. ಕಿಟಕಿಯ ಚೌಕಟ್ಟು, ಮೇಜಿನ ಅಂಚು, ನೆಲ, ಹೀಗೆ ನಮ್ಮಿಂದ ನೇರ ದೂರಕ್ಕೆ ಸಾಗುವ ಗೆರೆಗಳೆಲ್ಲ ಆ ಒಂದು ತೂತಿಗೆ ಬಂದು ಸೇರುತ್ತವೆ.

ನೀವು ಹೀಗೆ ಮಾಡಿ. 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಹಾಳೆಯನ್ನು ದೊಡ್ಡ ಬೋರ್ಡಿನ ಎಡಭಾಗಕ್ಕೆ ಅಂಟಿಸಿ. ಬಲಗಡೆ ಅರ್ಧ ಮೀಟರ್ ಜಾಗ ಖಾಲಿ ಬೇಕು. ಹಾಳೆಯ ಕೆಳಗಿನ ಅಂಚು ಕೋಣೆಯ 3 ಮೀಟರ್ ಅಗಲ ಎಂದುಕೊಳ್ಳಿ, ಅಂದರೆ 1 ಸೆಂ.ಮೀ.ಗೆ 10 ಸೆಂ.ಮೀ. ಆ ಅಂಚಿನ ಮೇಲೆ 3 ಸೆಂ.ಮೀ.ಗೆ ಒಂದರಂತೆ ಗುರುತು ಹಾಕಿದರೆ 30 ಸೆಂ.ಮೀ.ನ ಹತ್ತು ಹಾಸುಕಲ್ಲು ಸಿಗುತ್ತವೆ. ಕುಳಿತು ನೋಡುವವನ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಆದ್ದರಿಂದ ಕೆಳಗಿನಿಂದ 12 ಸೆಂ.ಮೀ. ಮೇಲೆ ಅಡ್ಡ ಗೆರೆ ಎಳೆಯಿರಿ. ಇದು ಕಣ್ಣಿನ ಮಟ್ಟ. ಅದರ ಮೇಲೆ, ಎಡ ಅಂಚಿನಿಂದ 18 ಸೆಂ.ಮೀ. ದೂರದಲ್ಲಿ ಮೊದಲ ಸೂಜಿ. ಅದೇ ಗೆರೆಯನ್ನು ಹಾಳೆಯ ಆಚೆಗೂ ಎಳೆದು, ಮೊದಲ ಸೂಜಿಯಿಂದ ಬಲಕ್ಕೆ 45 ಸೆಂ.ಮೀ. ದೂರದಲ್ಲಿ ಎರಡನೇ ಸೂಜಿ. ನೋಡುವವನು ಚಿತ್ರದಿಂದ ನಾಲ್ಕೂವರೆ ಮೀಟರ್ ದೂರದಲ್ಲಿದ್ದಾನೆ ಎನ್ನುವುದನ್ನು ಹೇಳುವುದು ಈ ಎರಡನೇ ಸೂಜಿ.

ಕೆಳಗಿನ ಪ್ರತಿ ಗುರುತಿನಿಂದ ಮೊದಲ ಸೂಜಿಗೆ ದಾರ ಹಿಡಿದು ಗೆರೆ ಎಳೆಯಿರಿ. ಆಮೇಲೆ ಕೆಳಗಿನ ಎಡ ಮೂಲೆಯಿಂದ ಎರಡನೇ ಸೂಜಿಗೆ ಒಂದೇ ಒಂದು ಓರೆ ಗೆರೆ. ಆ ಓರೆ ಗೆರೆ ಮೊದಲಿನ ಗೆರೆಗಳನ್ನು ಕತ್ತರಿಸುವ ಪ್ರತಿ ಜಾಗದಲ್ಲೂ ಒಂದು ಅಡ್ಡ ಗೆರೆ ಹಾಕಿ. ನೆಲ ಸಿದ್ಧ. ಅಳತೆ ನೋಡಿಕೊಳ್ಳಿ: ಮೊದಲ ಸಾಲಿನ ಎತ್ತರ 7.5 ಮಿ.ಮೀ., ಹತ್ತನೆಯದು 3 ಮಿ.ಮೀ., ಹತ್ತು ಸಾಲು ಸೇರಿ 4.8 ಸೆಂ.ಮೀ. ಬರಬೇಕು. ಬರದಿದ್ದರೆ ಸೂಜಿ ಜಾರಿದೆ.

ನಿಮ್ಮ ನೆಲ ಜಾರುವುದಕ್ಕೆ ಬಹುಶಃ ಕಾರಣ ಎರಡನೇ ಸೂಜಿಯನ್ನು ಹಾಳೆಯೊಳಗೇ ಇಟ್ಟಿದ್ದು. ಅದನ್ನು 45ರ ಬದಲು 20 ಸೆಂ.ಮೀ.ಗೆ ತಂದರೆ ಮೊದಲ ಸಾಲು 7.5 ಮಿ.ಮೀ. ಇದ್ದದ್ದು 15 ಮಿ.ಮೀ. ದಾಟುತ್ತದೆ. ಮುಂದಿನ ಕಲ್ಲುಗಳು ಉದ್ದುದ್ದ ಎಳೆದಂತಾಗಿ, ನೆಲ ಇಳಿಜಾರಾಗುತ್ತದೆ. ಸೂಜಿಗಳ ನಡುವಿನ ದೂರ ಚಿತ್ರದ ಅಗಲಕ್ಕಿಂತ ಕಡಿಮೆ ಆಗದಂತೆ ನೋಡಿಕೊಳ್ಳಿ. ಒಂದೂವರೆ ಪಟ್ಟು ಇದ್ದರೆ ನೆಮ್ಮದಿ.

ವರ್ಮೀರ್ ಬರೆದ ಅಮೃತಶಿಲೆಯ ನೆಲಗಳಲ್ಲಿ ಕಲ್ಲುಗಳು ಮೂಲೆ ಮುಂದೆ ಮಾಡಿ ಕೂತಿವೆ. ಅದಕ್ಕೆ ಎಡಗಡೆಯೂ ಅಷ್ಟೇ ದೂರಕ್ಕೆ ಇನ್ನೊಂದು ಸೂಜಿ ಬೇಕು. ಕಲ್ಲಿನ ಎರಡು ಅಂಚುಗಳು ಆ ಎರಡು ಪಕ್ಕದ ಸೂಜಿಗಳಿಗೆ ಹೋಗುತ್ತವೆ. ಕೆಲಸ ಹೆಚ್ಚೇನೂ ಅಲ್ಲ, ನೋಟಕ್ಕೆ ಮಾತ್ರ ಬಹಳ ಚೆಂದ.

ಇನ್ನು ತೇಲುವ ಹೆಂಗಸು. ಕಣ್ಣಿನ ಮಟ್ಟ 1.2 ಮೀಟರ್ ಆದರೆ, 1.6 ಮೀಟರ್ ಎತ್ತರದವಳು ಹತ್ತಿರ ನಿಲ್ಲಲಿ, ದೂರ ನಿಲ್ಲಲಿ, ಆ ಅಡ್ಡ ಗೆರೆ ಅವಳ ಎತ್ತರದ ಮುಕ್ಕಾಲು ಭಾಗದಲ್ಲೇ, ಅಂದರೆ ಎದೆಯ ಹತ್ತಿರ, ಹಾದುಹೋಗಬೇಕು. ಹತ್ತನೇ ಸಾಲಿನ ಹಿಂದಿನ ಅಂಚಿನಲ್ಲಿ ನಿಂತವಳ ಪಾದ ಕೆಳಗಿನಿಂದ 4.8 ಸೆಂ.ಮೀ.ಗೆ, ನೆತ್ತಿ 14.4 ಸೆಂ.ಮೀ.ಗೆ ಬರುತ್ತದೆ. ಕುರ್ಚಿಯಲ್ಲಿ ಕೂತವರ ಕಣ್ಣು ಹೆಚ್ಚುಕಡಿಮೆ ಗೆರೆಯ ಮೇಲೇ ಇರುತ್ತದೆ. ತಲೆಯನ್ನು ಅಂದಾಜಿನಲ್ಲಿ ಬರೆದು ಪಾದವನ್ನು ಆಮೇಲೆ ಹುಡುಕಿದರೆ ತೇಲದೆ ಇನ್ನೇನಾದೀತು? ಮೊದಲು ಪಾದ ಯಾವ ಕಲ್ಲಿನ ಮೇಲೆ ಎಂದು ನಿಶ್ಚಯಿಸಿ. ಲಂಗದ ಅಂಚು ನೆಲ ಮುಟ್ಟುವಲ್ಲಿ ಒಂದು ತೆಳು, ತೀರ ಕಪ್ಪು ನೆರಳಿನ ಎಳೆ ಕೊಡಿ. ಅದರಾಚೆಗೆ ನೆರಳು ಮಸುಕಾಗುತ್ತ ಹೋಗಲಿ. ಆ ಎಳೆ ತಪ್ಪಿದರೆ ಅಳತೆ ಸರಿಯಿದ್ದರೂ ಮನುಷ್ಯ ನೆಲಕ್ಕಿಳಿಯುವುದಿಲ್ಲ.

ಪ್ರಶ್ನೆ: ಅಷ್ಟು ಜನರ ಮನೆಯಲ್ಲಿ ನಿಜವಾಗಿಯೂ ಅಮೃತಶಿಲೆಯ ನೆಲ ಇತ್ತೇ? ರತ್ನಗಂಬಳಿಯನ್ನು ಮೇಜಿನ ಮೇಲೆ ಏಕೆ ಹಾಸಿದ್ದಾರೆ? (ಶಿವಮೊಗ್ಗ)

ಉತ್ತರ: ಇರಲಿಲ್ಲ. ಆ ಕಾಲದ ಮನೆಗಳ ಆಸ್ತಿಪಟ್ಟಿಗಳನ್ನೂ ಉಳಿದ ಕಟ್ಟಡಗಳನ್ನೂ ಕೂಡಿಸಿ ನೋಡಿದವರಿಗೆ ಸಿಕ್ಕಿದ್ದು ಹೆಚ್ಚಾಗಿ ಹಲಗೆಯ ನೆಲ, ಅಡುಗೆಮನೆಯಲ್ಲಿ ಸುಟ್ಟ ಮಣ್ಣಿನ ಬಿಲ್ಲೆ. ಕಪ್ಪು-ಬಿಳಿ ಅಮೃತಶಿಲೆ ಸಾರ್ವಜನಿಕ ಕಟ್ಟಡಗಳಲ್ಲಿ, ತೀರ ಸಿರಿವಂತರ ಮನೆಯ ಮುಂಬಾಗಿಲ ಪಡಸಾಲೆಯಲ್ಲಿ ಇರುತ್ತಿತ್ತು. ಚಿತ್ರಕಾರನಿಗೆ ಅದು ಎರಡು ರೀತಿಯಲ್ಲಿ ಅನುಕೂಲ: ಕೊಳ್ಳುವವನಿಗೆ ವೈಭವ ಕಾಣುತ್ತದೆ, ನೋಡುವವನಿಗೆ ಆಳ ಕಾಣುತ್ತದೆ. ಹಲಗೆಯ ನೆಲದಲ್ಲಿ ಆಳ ತೋರಿಸುವುದು ಅಷ್ಟು ಸುಲಭವಲ್ಲ.

ಗಂಬಳಿಯ ವಿಷಯ ಮಾತ್ರ ನಿಜ. ತುರ್ಕಿ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬಂದ ಬೆಲೆಬಾಳುವ ವಸ್ತುವನ್ನು ಬೂಟುಗಾಲಲ್ಲಿ ತುಳಿಯುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ. ಕೋರಮಂಡಲ ತೀರದ ಹೂಬಟ್ಟೆಗೂ ಆ ಮನೆಗಳಲ್ಲಿ ಅಂಥದೇ ಮರ್ಯಾದೆ. ಡಚ್ಚರು ಅದನ್ನು ‘ಸಿಟ್ಸ್’ ಎಂದರು. ನಮ್ಮ ಅಜ್ಜಿಯರು ‘ಚೀಟಿ ಬಟ್ಟೆ’ ಎನ್ನುತ್ತಿದ್ದದ್ದು ಅದರ ನೆಂಟ ಪದವೇ.

ಚಿತ್ರದ ಕೋಣೆಯನ್ನು ನಾಟಕದ ರಂಗದಂತೆ ಜೋಡಿಸುತ್ತಿದ್ದರು ಎನ್ನುವುದಕ್ಕೆ ಇನ್ನೊಂದು ಗುರುತು ಇದೆ. ವರ್ಮೀರ್‌ನ ಆರು ಚಿತ್ರಗಳಲ್ಲಿ ಬಿಳಿ ತುಪ್ಪಳದ ಅಂಚಿನ ಒಂದೇ ಹಳದಿ ಅಂಗಿ ಬರುತ್ತದೆ, ತೊಟ್ಟವರು ಬೇರೆ ಬೇರೆ. ಅವನು ಸತ್ತ ಮೇಲೆ 1676ರಲ್ಲಿ ಬರೆದ ಮನೆಯ ಆಸ್ತಿಪಟ್ಟಿಯಲ್ಲಿ ಅಂಥದೊಂದು ಅಂಗಿ ದಾಖಲಾಗಿದೆ.

ಪ್ರಶ್ನೆ: ‘ಹಾಲಿನವಳು’ ಚಿತ್ರದಲ್ಲಿ ನೆಲದ ಮೇಲೆ ತೂತುಗಳಿರುವ ಮರದ ಪೆಟ್ಟಿಗೆ ಇದೆಯಲ್ಲ, ಅದೇನು? ಇಲಿಬೋನೇ? (ಗೃಹಿಣಿ, ಸಾಗರ)

ಉತ್ತರ: ಕಾಲು ಕಾಯಿಸುವ ಪೆಟ್ಟಿಗೆ. ಒಳಗೆ ಮಣ್ಣಿನ ಬಟ್ಟಲಲ್ಲಿ ಕೆಂಡ ಇಟ್ಟು, ಮೇಲೆ ಪಾದ ಊರಿ, ಲಂಗವನ್ನು ಅದರ ಮೇಲೆ ಇಳಿಬಿಡುತ್ತಿದ್ದರು. ಬಿಸಿ ತೂತುಗಳಿಂದ ಮೇಲೇರುತ್ತಿತ್ತು. ಡಚ್ ಭಾಷೆಯಲ್ಲಿ ‘ಸ್ಟೋಫ್’. ಅದರ ಹಿಂದಿನ ಬಿಲ್ಲೆಯೊಂದರಲ್ಲಿ ಪುಟ್ಟ ಮನ್ಮಥನ ಚಿತ್ರವಿದೆ. ಇದೂ ಅದೂ ಸೇರಿ ಪ್ರೇಮದ ಸೂಚನೆ ಎಂದು ಓದುವವರು ಇದ್ದಾರೆ. ಇರಬಹುದು. ಆದರೆ ಅವಳ ಗಮನವೆಲ್ಲ ನೂಲಿನಷ್ಟು ತೆಳುವಾಗಿ ಇಳಿಯುವ ಹಾಲಿನ ಮೇಲಿದೆ, ನಮ್ಮ ಗಮನವೂ ಅಲ್ಲೇ ಇದ್ದರೆ ನಷ್ಟವಿಲ್ಲ.

ಆ ಪೆಟ್ಟಿಗೆ ಇರುವ ಜಾಗದಲ್ಲಿ ವರ್ಮೀರ್ ಮೊದಲು ಬೆಂಕಿಯ ಬುಟ್ಟಿಯೊಂದನ್ನು ಬರೆದಿದ್ದ, ತಲೆಯ ಹಿಂದಿನ ಗೋಡೆಯಲ್ಲಿ ಹೂಜಿಗಳನ್ನು ತೂಗುಹಾಕುವ ಹಲಗೆ ಇತ್ತು. 2022ರಲ್ಲಿ ಮ್ಯೂಸಿಯಮ್ಮು ನಡೆಸಿದ ಸ್ಕ್ಯಾನಿನಲ್ಲಿ ಎರಡೂ ಕಂಡವು. ಎರಡನ್ನೂ ಮುಚ್ಚಿ ಗೋಡೆಯನ್ನು ಬರಿದು ಮಾಡಿದ. ಬರಿದು ಎಂದರೂ ಅದರಲ್ಲಿ ಒಂದು ಮೊಳೆ, ಅದರ ನೆರಳು, ಮೊಳೆ ಕಿತ್ತ ತೂತುಗಳು, ಕಲೆಗಳು ಎಲ್ಲ ಇವೆ. ಒಟ್ಟು ಚಿತ್ರ 45.5 × 41 ಸೆಂ.ಮೀ., ಮನೆಯ ಗೋಡೆ ಕ್ಯಾಲೆಂಡರಿಗಿಂತ ದೊಡ್ಡದೇನಲ್ಲ.

ಪ್ರಶ್ನೆ: ಬೆಳಕು ಯಾವಾಗಲೂ ಎಡಗಡೆಯ ಕಿಟಕಿಯಿಂದಲೇ ಏಕೆ? (ಹಾಸನ)

ಉತ್ತರ: ಬಲಗೈಯಲ್ಲಿ ಕುಂಚ ಹಿಡಿದವನಿಗೆ ಬಲದಿಂದ ಬೆಳಕು ಬಂದರೆ ಕೈಯ ನೆರಳು ಕೆಲಸದ ಮೇಲೇ ಬೀಳುತ್ತದೆ. ಅಷ್ಟೇ ವಿಷಯ. ಕಿಟಕಿ ಉತ್ತರಕ್ಕಿದ್ದರೆ ಇನ್ನೂ ಒಳ್ಳೆಯದು. ಯುರೋಪಿನಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಹೆಚ್ಚುಕಡಿಮೆ ಬರುವುದೇ ಇಲ್ಲ, ದಿನವಿಡೀ ಬೆಳಕು ಹೆಚ್ಚು ಬದಲಾಗುವುದಿಲ್ಲ. ‘ಯಾವಾಗಲೂ’ ಎನ್ನುವಂತಿಲ್ಲ: ಪ್ಯಾರಿಸ್ಸಿನ ಲೂವ್ರಿನಲ್ಲಿರುವ ವರ್ಮೀರ್‌ನ ಲೇಸ್ ಹೆಣೆಯುವವಳಿಗೆ ಬೆಳಕು ಬಲದಿಂದ ಬರುತ್ತದೆ.

ನೀವು ಬರೆಯುವವರಾದರೆ ಗೋಡೆಯನ್ನು ಗಮನಿಸಿ. ಕಿಟಕಿಯ ಪಕ್ಕಕ್ಕೇ ಗೋಡೆ ತುಂಬ ಬೆಳ್ಳಗಿರುತ್ತದೆ ಎಂದು ಎಲ್ಲರೂ ಬರೆದುಬಿಡುತ್ತಾರೆ. ಬೆಳಕು ಓರೆಯಾಗಿ ಒಳಬರುವುದರಿಂದ ಆ ಮೂಲೆ ಮಬ್ಬಾಗಿಯೇ ಇರುತ್ತದೆ, ಹೊಳಪು ಸ್ವಲ್ಪ ಆಚೆಗೆ ಬೀಳುತ್ತದೆ. ವರ್ಮೀರ್ ಇದನ್ನು ಚೆನ್ನಾಗಿ ದುಡಿಸಿಕೊಂಡ. ಹಾಲಿನವಳ ಬೆಳಕಿನ ಬದಿಗೆ ಗೋಡೆ ಕಪ್ಪು, ನೆರಳಿನ ಬದಿಗೆ ಗೋಡೆ ಬಿಳುಪು. ಅದೂ ಸಾಲದೆಂದು ಅವಳ ನೆರಳಿನ ಬದಿಯ ಅಂಚಿಗೆ ತೆಳ್ಳಗೆ ಒಂದು ಬಿಳಿ ಗೆರೆ ಎಳೆದಿದ್ದಾನೆ. ನಿಜದಲ್ಲಿ ಅಂಥ ಗೆರೆ ಯಾರ ಮೈಗೂ ಇರುವುದಿಲ್ಲ. ಚಿತ್ರದಲ್ಲಿ ಅವಳನ್ನು ಗೋಡೆಯಿಂದ ಬಿಡಿಸಿ ಮುಂದೆ ತರುವುದು ಅದೇ.

ಪ್ರಶ್ನೆ: ಡಚ್ ಚಿತ್ರಕಾರ ಪೀಟರ್ ದ ಹೋಖ್‌ನ ಒಂದು ಚಿತ್ರದಲ್ಲಿ ಕೆಲಸದವಳ ಲಂಗದ ಮೂಲಕ ನೆಲದ ಬಿಲ್ಲೆಗಳು ಕಾಣುತ್ತವೆ. ಇದು ತಂತ್ರವೋ, ತಪ್ಪೋ? (ಮೈಸೂರು)

ಉತ್ತರ: ಎರಡೂ ಅಲ್ಲ, ವಯಸ್ಸು. ನೀವು ಹೇಳುವುದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರ, ಸುಮಾರು 1658ರದು: ಇಬ್ಬರು ಗಂಡಸರ ಜೊತೆ ಒಬ್ಬಳು ವೈನ್ ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ಕೆಲಸದವಳು. ದ ಹೋಖ್ ಮೊದಲು ಕೋಣೆ ಕಟ್ಟುತ್ತಿದ್ದ, ನೆಲ ಪೂರ್ತಿ ಮುಗಿಸುತ್ತಿದ್ದ, ಆಮೇಲೆ ಜನರನ್ನು ತಂದು ನಿಲ್ಲಿಸುತ್ತಿದ್ದ. ಎಣ್ಣೆಬಣ್ಣ ಹಳತಾದಂತೆ ಅದರೊಳಗಿನ ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಏರುತ್ತದೆ. ಸೀಸದ ಬಿಳಿ ಎಣ್ಣೆಯ ಆಮ್ಲಗಳೊಂದಿಗೆ ಕೂಡಿ ಸೀಸದ ಸಾಬೂನಾಗುತ್ತದೆ. ಎರಡರಿಂದಲೂ ಪದರ ಪಾರದರ್ಶಕವಾಗುತ್ತ ಹೋಗಿ, ಅಡಿಯ ಗಾಢ ಬಣ್ಣ ಮೇಲೆ ಇಣುಕುತ್ತದೆ. ಧಾರವಾಡದ ವಿದ್ಯಾರ್ಥಿಯೂ ಇದನ್ನು ಓದಿಕೊಳ್ಳಲಿ: ಗೆರೆ ಇಡೀ ನೆಲಕ್ಕೆ ಎಳೆಯಿರಿ, ಆದರೆ ಲಂಗ ಬರುವ ಜಾಗದಲ್ಲಿ ಕಪ್ಪು ಬಿಲ್ಲೆಗಳಿಗೆ ಬಣ್ಣ ತುಂಬಬೇಡಿ.

ಬಣ್ಣಗಳು ಬೇರೆ ರೀತಿಯಲ್ಲೂ ಮೋಸ ಮಾಡುತ್ತವೆ. ಕೋಬಾಲ್ಟ್ ಗಾಜನ್ನು ಪುಡಿ ಮಾಡಿದ ‘ಸ್ಮಾಲ್ಟ್’ ಅಗ್ಗದ ನೀಲಿ. ಅದರೊಳಗಿನ ಪೊಟ್ಯಾಸಿಯಂ ಎಣ್ಣೆಗೆ ಸೋರಿ ಹೋದಂತೆ ನೀಲಿ ಬೂದಿಯಾಗುತ್ತದೆ. ಗಿಡದ ರಸದಿಂದ ಮಾಡಿದ ಹಳದಿ ‘ಲೇಕ್’ ಬಣ್ಣ ಬೆಳಕಿಗೆ ಮಾಸಿದರೆ, ನೀಲಿಯ ಜೊತೆ ಬೆರೆಸಿ ಮಾಡಿದ ಹಸಿರೆಲೆ ಬರೀ ನೀಲಿಯಾಗಿ ಉಳಿಯುತ್ತದೆ. ವರ್ಮೀರ್ ಸಾಲದಲ್ಲಿ ಸತ್ತವನು; ಆದರೂ ಅಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಕಲ್ಲಿನ ಅಲ್ಟ್ರಾಮರೀನ್ ಬಿಡಲಿಲ್ಲ. ಹಾಲಿನವಳ ನೀಲಿ ಬಟ್ಟೆ ಇಂದಿಗೂ ಹಾಗೇ ಉಳಿದಿದೆ.

ಪ್ರಶ್ನೆ: ಈ ಚಿತ್ರಗಳಲ್ಲಿ ಪ್ರತಿ ವಸ್ತುವಿಗೂ ಗುಪ್ತ ಅರ್ಥವಿದೆ ಎನ್ನುತ್ತಾರೆ. ನಂಬಬಹುದೇ? (ಉಪನ್ಯಾಸಕರು, ಕಲಬುರಗಿ)

ಉತ್ತರ: ಅರ್ಧ ನಂಬಿ. ಅರ್ಥಗಳಿದ್ದವು, ಆದರೆ ಅವುಗಳನ್ನು ಹೆಸರಿಟ್ಟು ಗಟ್ಟಿ ಮಾಡಿದವರು ಬಹುಪಾಲು ಆಮೇಲಿನವರು. ವಾಷಿಂಗ್ಟನ್ನಿನಲ್ಲಿರುವ ವರ್ಮೀರ್ ಚಿತ್ರವೊಂದನ್ನು ಬಹುಕಾಲ ಚಿನ್ನ ತೂಗುವವಳು, ಮುತ್ತು ತೂಗುವವಳು ಎಂದು ಕರೆದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಕ್ಕಡಿಯ ಎರಡೂ ತಟ್ಟೆ ಖಾಲಿ. ಚಿನ್ನದಂತೆ ಕಂಡದ್ದು ಬೆಳಕಿನ ಚುಕ್ಕೆ. ಈಗ ಅದರ ಹೆಸರು ‘ತಕ್ಕಡಿ ಹಿಡಿದ ಹೆಂಗಸು’. ಹಾಗೆಯೇ ಖೆರಾರ್ಡ್ ತೆರ್ ಬೋರ್ಖ್ ಸುಮಾರು 1654ರಲ್ಲಿ ಬರೆದ, ಬೆನ್ನು ತಿರುಗಿಸಿ ನಿಂತ ಸ್ಯಾಟಿನ್ ಉಡುಪಿನವಳ ಚಿತ್ರ: ಜರ್ಮನ್ ಕವಿ ಗಯಟೆಯೂ ಸೇರಿ ಎಲ್ಲರೂ ಅದನ್ನು ಮಗಳಿಗೆ ಬುದ್ಧಿ ಹೇಳುವ ತಂದೆ ಎಂದೇ ಓದಿದರು. ಆ ‘ತಂದೆ’ ಸಿಪಾಯಿ ಉಡುಪಿನ ಹರೆಯದ ಗಂಡು. ಇಂದು ರೈಕ್ಸ್ ಮ್ಯೂಸಿಯಮ್ಮು ಅದನ್ನು ಸರಸದ ಮಾತುಕತೆ ಎಂದು ಕರೆಯುತ್ತದೆ.

ಚಿತ್ರಕಾರನೇ ಅರ್ಥ ಬಿಟ್ಟಿದ್ದಾನೆ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಗುವುದೂ ಉಂಟು. ಜರ್ಮನಿಯ ಡ್ರೆಸ್ಡೆನ್ನಿನಲ್ಲಿರುವ ವರ್ಮೀರ್ ಚಿತ್ರದಲ್ಲಿ ತೆರೆದ ಕಿಟಕಿಯ ಬಳಿ ಪತ್ರ ಓದುವ ಹುಡುಗಿಯ ಹಿಂದಿನ ಗೋಡೆ ಬೋಳಾಗಿತ್ತು. ಅದರಡಿಯಲ್ಲಿ ಮನ್ಮಥನ ದೊಡ್ಡ ಚಿತ್ರವಿರುವುದು 1979ರ ಎಕ್ಸ್‌ರೇಯಲ್ಲೇ ತಿಳಿದಿತ್ತು. ವರ್ಮೀರ್‌ನೇ ಮುಚ್ಚಿರಬೇಕೆಂದು ಬಿಟ್ಟಿದ್ದರು. ಮುಂದೆ ಪದರಗಳನ್ನು ಪರೀಕ್ಷಿಸಿದಾಗ ಮನ್ಮಥನಿಗೂ ಮೇಲುಬಣ್ಣಕ್ಕೂ ನಡುವೆ ಹಳೆಯ ವಾರ್ನಿಶ್ ಮತ್ತು ಕೊಳೆ ಸಿಕ್ಕಿತು. ಕೊಳೆ ಕೂರಬೇಕಾದರೆ ದಶಕಗಳು ಬೇಕು, ಅಂದರೆ ಮುಚ್ಚಿದ್ದು ಅವನ ಸಾವಿನ ನಂತರ ಇನ್ನಾರೋ. ಮೇಲುಬಣ್ಣವನ್ನು ಸೂಕ್ಷ್ಮದರ್ಶಕದ ಕೆಳಗೆ ಕೆರೆದು ತೆಗೆದು 2021ರಲ್ಲಿ ಚಿತ್ರವನ್ನು ಮತ್ತೆ ತೂಗುಹಾಕಿದರು. ಅವಳ ಕೈಲಿರುವುದು ಪ್ರೇಮಪತ್ರ ಎನ್ನುವುದಕ್ಕೆ ಈಗ ಗೋಡೆಯೇ ಸಾಕ್ಷಿ.

ಪ್ರಶ್ನೆ: 15ನೇ ಶತಮಾನದ ಚಿತ್ರಕಾರ ವಾನ್ ಐಕ್‌ನ ಆರ್ನೋಲ್ಫಿನಿ ದಂಪತಿ ಚಿತ್ರದ ಹೆಂಗಸು ಬಸುರಿಯೇ? (ಉಡುಪಿ)

ಉತ್ತರ: ಅಲ್ಲ. ನೆಲಕ್ಕೆ ಎಳೆಯುವಷ್ಟು ಉದ್ದದ ಗೌನನ್ನು ಹೊಟ್ಟೆಯ ಮುಂದೆ ಎತ್ತಿ ಹಿಡಿದಿದ್ದಾಳೆ. 1434ರ ಉಡುಪಿನ ಮಾದರಿ ಅದು. ಅದೇ ಚಿತ್ರಕಾರ ಬರೆದ ಕನ್ಯೆ ಸಂತ ಕ್ಯಾಥರೀನಳಿಗೂ ಅಂಥದೇ ಹೊಟ್ಟೆ. ಕೋಣೆಯಲ್ಲಿ ಮಂಚ ಇರುವುದರಿಂದ ಮಲಗುವ ಕೋಣೆ ಎಂದುಕೊಳ್ಳುವುದೂ ಬೇಡ. ಬೆಲೆಬಾಳುವ ಮಂಚವನ್ನು ಬಂದವರ ಕಣ್ಣಿಗೆ ಬೀಳುವಂತೆ ಇಡುತ್ತಿದ್ದರು. ಹಿಂದಿನ ಉಬ್ಬುಕನ್ನಡಿಯಲ್ಲಿ ಬಾಗಿಲಲ್ಲಿ ನಿಂತ ಇನ್ನಿಬ್ಬರು ಕಾಣುತ್ತಾರೆ, ಹುಡುಕಿ.

ಪ್ರಶ್ನೆ: ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ಚಿತ್ರದ ಕನ್ನಡಿಯಲ್ಲಿ ರಾಜ-ರಾಣಿ ಕಾಣುತ್ತಾರೆ. ಅಂದರೆ ನಾವು ನಿಂತಿರುವುದು ಅವರ ಜಾಗದಲ್ಲೇ? (ಬೆಂಗಳೂರು)

ಉತ್ತರ: ಮ್ಯಾಡ್ರಿಡ್‌ನ ಪ್ರಾದೊದಲ್ಲಿರುವ ಈ 1656ರ ಚಿತ್ರಕ್ಕೂ ದಾರ ಹಿಡಿದು ನೋಡಿ. ಬಲ ಗೋಡೆಯ ಕಿಟಕಿಗಳ ಗೆರೆ, ಚಾವಣಿಯ ಗೆರೆ ಎಳೆದರೆ ಅವು ಕನ್ನಡಿಯಲ್ಲಿ ಸೇರುವುದಿಲ್ಲ. ಅದರ ಬಲಕ್ಕೆ, ತೆರೆದ ಬಾಗಿಲ ಮೆಟ್ಟಿಲ ಮೇಲೆ ನಿಂತವನ ಕೈಯ ಬಳಿ ಸೇರುತ್ತವೆ. ನೋಡುವವನ ನೆಲೆ ಬಾಗಿಲಿನ ಎದುರು, ಕನ್ನಡಿಯ ಎದುರಲ್ಲ. ಪಕ್ಕದಿಂದ ನೋಡಿದ ಕನ್ನಡಿ ನಮ್ಮನ್ನು ತೋರಿಸಲಾರದು. ಲೆಕ್ಕದ ಪ್ರಕಾರ ಅದರಲ್ಲಿ ಬೀಳುವುದು ಎಡಗಡೆ ನಮಗೆ ಬೆನ್ನು ಮಾಡಿ ನಿಂತ ಆ ದೊಡ್ಡ ಕ್ಯಾನ್ವಾಸಿನ ಮುಖ. ಹಾಗಾದರೆ ಕನ್ನಡಿಯಲ್ಲಿರುವುದು ರಾಜ-ರಾಣಿಯಲ್ಲ, ಅವರ ಚಿತ್ರ. ಒಪ್ಪದವರೂ ಇದ್ದಾರೆ, ಆದರೆ ಸ್ಕೇಲು ಹಿಡಿದವರು ಹೆಚ್ಚಾಗಿ ಈ ಕಡೆಗೇ ಬರುತ್ತಾರೆ.

ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿದೆವು. ಯುರೋಪಿನಲ್ಲೂ ಹೀಗೆ ದೀಪದ ಬೆಳಕಿನಲ್ಲಿ ಬರೆದವರು ಇದ್ದರೇ? (ಮಂಡ್ಯ)

ಉತ್ತರ: ಇದ್ದರು. ಅಂದ ಹಾಗೆ, ಅದನ್ನು ರವಿವರ್ಮನ ಚಿತ್ರ ಎನ್ನುವವರು ಬಹಳ, ಬರೆದವರು ಎಸ್.ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ಜ್ವಾಲೆಗೆ ಅಂಗೈ ಅಡ್ಡ ಹಿಡಿಯುವ ಉಪಾಯ ಫ್ರಾನ್ಸಿನ ಜಾರ್ಜ್ ದ ಲಾ ತೂರ್ 1640ರ ದಶಕದಲ್ಲಿ ಬರೆದ ‘ಬಡಗಿ ಸಂತ ಜೋಸೆಫ್’ ಚಿತ್ರದಲ್ಲಿದೆ: ಬಾಲಯೇಸು ಮೇಣದಬತ್ತಿಗೆ ಕೈ ಮರೆಮಾಡಿದ್ದಾನೆ, ಬೆರಳುಗಳ ಮಾಂಸದೊಳಗಿಂದ ಬೆಳಕು ಹಾಯುತ್ತದೆ. ಬಣ್ಣದ ಡಬ್ಬಿಯಲ್ಲಿರುವ ಅತಿ ಬಿಳಿಯೂ ಜ್ವಾಲೆಯಷ್ಟು ಹೊಳೆಯದು. ಅದನ್ನು ಮರೆಮಾಡಿ, ಅದು ಬೆಳಗಿದ್ದನ್ನು ಮಾತ್ರ ತೋರಿಸಿದರೆ ಸೋಲು ಕಾಣುವುದಿಲ್ಲ. ಬರೆಯುವಾಗ ನೆನಪಿಡಬೇಕಾದದ್ದು: ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಮುಖದಷ್ಟೇ ಹೊಳಪನ್ನು ಸೀರೆಯ ಅಂಚಿಗೂ ಕೊಟ್ಟರೆ ಅದು ದೀಪವಾಗದು, ಟ್ಯೂಬ್‌ಲೈಟ್ ಆಗುತ್ತದೆ.

ಪ್ರಶ್ನೆ: ನಮ್ಮ ಹಳೆಯ ಮನೆಯಲ್ಲಿ ಯುರೋಪಿನ ಮಹಿಳೆ ಪಿಯಾನೊ ಬಳಿ ಕೂತ ಹಳೆಯ ಚಿತ್ರವಿದೆ, ಪೂರ್ತಿ ಹಳದಿಯಾಗಿದೆ. ಆಲೂಗಡ್ಡೆ ಹೋಳಿನಿಂದ ಉಜ್ಜಿದರೆ ಹೋಗುತ್ತದೆಯಂತೆ. ಹೌದೇ? (ಮಂಗಳೂರು)

ಉತ್ತರ: ಬೇಡ. ಆಲೂಗಡ್ಡೆಯ ನೀರು ಬಿರುಕುಗಳೊಳಗೆ ಇಳಿದು ಕ್ಯಾನ್ವಾಸಿನ ಅಂಟನ್ನು ಉಬ್ಬಿಸುತ್ತದೆ, ಬಣ್ಣ ಚಕ್ಕೆ ಏಳುತ್ತದೆ. ಉಳಿದ ಪಿಷ್ಟಕ್ಕೆ ನಿಮ್ಮೂರ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ, ಸ್ಪಿರಿಟ್ ಕೂಡ ಬೇಡ.

ಮೊದಲು ಅದು ಚಿತ್ರವೋ ಅಚ್ಚೋ ನೋಡಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಮುಖದ ಮೇಲೆ ಸಣ್ಣ ಸಣ್ಣ ಬಣ್ಣದ ಚುಕ್ಕೆ ಕಂಡರೆ ಓಲಿಯೋಗ್ರಾಫ್, ಅಂದರೆ ಕಾಗದದ ಮೇಲಿನ ಕಲ್ಲಚ್ಚು. ಮೇಲೆ ಕ್ಯಾನ್ವಾಸಿನ ನೇಯ್ಗೆಯಂಥ ಗುರುತು ಒತ್ತಿ ಮೋಸ ಮಾಡಿರುತ್ತಾರೆ, ಹಿಂಬದಿ ತಿರುಗಿಸಿ ನೋಡಿ. ನಿಜವಾದ ಎಣ್ಣೆಚಿತ್ರವಾದರೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ, ಗೋಡೆಗೆ ಒರಗಿದಂತೆ ಹಿಡಿಯಿರಿ. ಎದ್ದ ಚಕ್ಕೆಗಳ ನೆರಳು ಕಂಡರೆ ಮುಟ್ಟಲೇಬೇಡಿ, ಬಣ್ಣ ಮೇಲಾಗಿ ಮಲಗಿಸಿಟ್ಟು ಚಿತ್ರ ಸಂರಕ್ಷಕರನ್ನು ಕರೆಸಿ. ಚಕ್ಕೆ ಇಲ್ಲದಿದ್ದರೆ ಒಣಗಿದ ಮೆತ್ತನೆ ಬ್ರಷ್ಷಿನಿಂದ ಧೂಳು ಮಾತ್ರ ತೆಗೆಯಬಹುದು. ಹಳದಿ ಇರುವುದು ಬಹುತೇಕ ಮೇಲಿನ ವಾರ್ನಿಶ್‌ನಲ್ಲಿ. ಅದನ್ನು ಕರಗಿಸುವ ದ್ರಾವಕವೇ ಅಡಿಯ ಬಣ್ಣವನ್ನೂ ಕರಗಿಸಬಲ್ಲದು, ಆದ್ದರಿಂದ ಅದು ಸಂರಕ್ಷಕರ ಕೆಲಸ.

ತೂಗುಹಾಕುವಾಗ ಮಳೆ ಬಡಿಯುವ ಹೊರಗೋಡೆ ಬಿಡಿ. ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೂ ಎರಡು ಸೆಂ.ಮೀ. ದಪ್ಪದ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.